ಓದುಗರ ಪ್ರಶ್ನೆ: ನನ್ನ ಹಾಗೆ ಸೀರೆ ಉಡುವವರು ಈ ಊರಲ್ಲಿ ಇನ್ಯಾರಿದ್ದಾರೆ?

ಪ್ರಶ್ನೆ: ಅಕ್ಕಾ, ನಮಸ್ಕಾರ. ನನಗೆ ನಲವತ್ತು ದಾಟಿದೆ. ಬಾಗಲಕೋಟೆಯ ನವನಗರದಲ್ಲಿ ಮನೆ, ಸರ್ಕಾರಿ ಕೆಲಸ, ಹೆಂಡತಿ, ಇಬ್ಬರು ಮಕ್ಕಳು. ಮನೆಯಲ್ಲಿ ಯಾರೂ ಇಲ್ಲದಾಗ ನಾನು ಸೀರೆ ಉಡುತ್ತೇನೆ. ಸಣ್ಣವನಿದ್ದಾಗಿಂದ ಈ ಆಸೆ ಇದೆ. ಒಂದು ಇಳಕಲ್ ಸೀರೆ, ಒಂದು ಗುಳೇದಗುಡ್ಡ ಖಣದ ಕುಪ್ಪಸ, ಎರಡೂ ಹಳೇ ಫೈಲುಗಳ ಕೆಳಗೆ ಟ್ರಂಕಿನಲ್ಲಿವೆ. ಉಟ್ಟು ಅರ್ಧ ತಾಸು ಕನ್ನಡಿ ಮುಂದೆ ಕೂತರೆ ಮನಸ್ಸು ಹಗುರಾಗುತ್ತದೆ. ಆಮೇಲೆ ಮತ್ತೆ ಪ್ಯಾಂಟು, ಶರ್ಟು, ಆಫೀಸು. ಗಂಡಸಾಗಿರುವುದರ ಬಗ್ಗೆ ನನಗೆ ಬೇಸರವೇನೂ ಇಲ್ಲ. ಆದರೆ ಈಚೆಗೆ ಯಾರನ್ನು ನೋಡಿದರೂ ಇವರೂ ನನ್ನ ಹಾಗೇನಾ ಅನ್ನಿಸುತ್ತದೆ. ಬಸ್ ಕಂಡಕ್ಟರ್, ಕಿರಾಣಿ ಅಂಗಡಿ ಸಾಹುಕಾರ, ದಪ್ಪ ಮೀಸೆಯ ಹವಾಲ್ದಾರ, ಮಗನ ಗಣಿತದ ಮಾಸ್ತರು, ಯಾರನ್ನೂ ಬಿಟ್ಟಿಲ್ಲ. ಗುರುತಿಸಲು ಏನಾದರೂ ಲಕ್ಷಣ ಇದೆಯಾ? ಒಬ್ಬರಾದರೂ ಸಿಕ್ಕಿದ್ದರೆ ಮನಬಿಚ್ಚಿ ಮಾತಾಡಬಹುದಿತ್ತು.
– ಹೆಸರು ಬೇಡ, ಬಾಗಲಕೋಟೆ

ಉತ್ತರ: ಅಣ್ಣಾ, ನೀವು ಹುಡುಕುತ್ತಿರುವ ಲಕ್ಷಣ ಇಲ್ಲವೇ ಇಲ್ಲ. ನಿಮ್ಮನ್ನೇ ನೋಡಿ. ಆಫೀಸಿನಲ್ಲಿ ಪಕ್ಕದ ಕುರ್ಚಿಯವರಿಗೆ ಇಷ್ಟು ವರ್ಷ ಗೊತ್ತಾಗಿಲ್ಲ. ಒಂದೇ ಮನೆಯಲ್ಲಿರುವ ಹೆಂಡತಿಗೂ ಗೊತ್ತಾಗಿಲ್ಲ. ನುಣ್ಣಗಿನ ಕೈ, ತಿದ್ದಿದ ಹುಬ್ಬು, ಮೆತ್ತಗಿನ ದನಿ, ಇವನ್ನೆಲ್ಲ ಜನ ಸುಮ್ನೆ ಸುಳಿವು ಅಂದುಕೊಳ್ಳುತ್ತಾರೆ. ಮೆತ್ತಗಿನ ದನಿಯವನು ಬರೀ ಮೆತ್ತಗಿನ ದನಿಯವನು, ಅಷ್ಟೇ. ಇನ್ನು ಟ್ರಂಕಿನಲ್ಲಿ ಸೀರೆ ಇಟ್ಟವನು ಯಾರಿಗೂ ಅನುಮಾನ ಬರದಿರಲಿ ಅಂತ ಮೀಸೆಯನ್ನು ಇನ್ನಷ್ಟು ದಪ್ಪ ಬಿಡುವುದೂ ಉಂಟು.

ಆದರೆ ನಿಮ್ಮ ಊರಲ್ಲಿ ನೀವೊಬ್ಬರೇ ಅಂತ ಮಾತ್ರ ತಿಳಿಯಬೇಡಿ. ಸ್ವೀಡನ್ನಿನಲ್ಲಿ 18ರಿಂದ 60 ವಯಸ್ಸಿನ 2,450 ಜನರನ್ನು ಕೇಳಿ ಮಾಡಿದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ಹೆಣ್ಣಿನ ಬಟ್ಟೆ ತೊಟ್ಟು ಒಮ್ಮೆಯಾದರೂ ಲೈಂಗಿಕ ಸುಖ ಕಂಡಿದ್ದೇವೆ ಅಂದ ಗಂಡಸರು 100ಕ್ಕೆ 2.8. ಸುಖದ ಮಾತಿಲ್ಲದೆ ನಿಮ್ಮ ಹಾಗೆ ಸಮಾಧಾನಕ್ಕಾಗಿ ಉಡುವವರು ಆ ಲೆಕ್ಕದಲ್ಲಿ ಬರುವುದಿಲ್ಲ. ಅದು ಅವರ ದೇಶದ ಲೆಕ್ಕ, ಹಾಗೇ ತಂದು ಬಾಗಲಕೋಟೆಗೆ ಅಂಟಿಸಲು ಆಗಲ್ಲ, ಆದರೂ ಇದು ಲಕ್ಷಕ್ಕೊಬ್ಬರ ವಿಷಯವಲ್ಲ ಅನ್ನುವುದಕ್ಕೆ ಅಷ್ಟು ಸಾಕು. ಅವರು ಎಂಥವರು ಅಂತಲೂ ಸ್ವಲ್ಪ ಗೊತ್ತಿದೆ. ರಿಚರ್ಡ್ ಡಾಕ್ಟರ್ ಮತ್ತು ವರ್ಜೀನಿಯಾ ಪ್ರಿನ್ಸ್ ಎಂಬಿಬ್ಬರು ಇಂಥ 1,032 ಗಂಡಸರ ಸಮೀಕ್ಷೆ ಮಾಡಿ 1997ರಲ್ಲಿ ವರದಿ ಕೊಟ್ಟರು. ಅವರಲ್ಲಿ ಶೇಕಡಾ 87 ಮಂದಿ ತಮಗೆ ಹೆಂಗಸರ ಮೇಲೇ ಒಲವು ಅಂದರು. ಶೇಕಡಾ 60 ಮಂದಿಗೆ ಆಗ ಸಂಸಾರ ಇತ್ತು. ಅಂದರೆ ನಿಮ್ಮಂಥವರೇ, ಕೆಲಸ ಮಾಡಿಕೊಂಡು ಮಕ್ಕಳ ಫೀಸು ಕಟ್ಟುವವರು.

ನಮ್ಮ ಕಡೆ ಗಂಡಸು ಸೀರೆ ಉಟ್ಟಿದ್ದನ್ನು ಯಾರೂ ನೋಡಿಲ್ಲ ಅಂತಲೂ ಅಲ್ಲ. ನಿಮ್ಮೂರಿನ ಹೋಳಿಯಲ್ಲೇ ಸೋಗಿನ ಬಂಡಿ ಹೊರಟಾಗ ಹೆಣ್ಣು ವೇಷದವರನ್ನು ನೋಡಲು ಓಣಿಗೆ ಓಣಿಯೇ ಬಂದು ನಿಲ್ಲುತ್ತದೆ. ಶ್ರೀಕೃಷ್ಣ ಪಾರಿಜಾತದ ಆಟದಲ್ಲಿ ಸತ್ಯಭಾಮೆಯಾಗಿ ಗಂಡಸರು ರಾತ್ರಿಯಿಡೀ ಕುಣಿದಿದ್ದಾರೆ, ನಮ್ಮ ಅಜ್ಜಂದಿರು ಬುತ್ತಿ ಕಟ್ಟಿಕೊಂಡು ಹೋಗಿ ನೋಡಿದ್ದಾರೆ. ಮರಾಠಿ ಸಂಗೀತ ನಾಟಕಕ್ಕೆ ಬುನಾದಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರ್ ಹುಟ್ಟಿದ್ದು 1843ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಅವರ ಹೆಸರಿನ ನಾಟಕ ಮಂಡಳಿಯಲ್ಲೇ ಮುಂದೆ ನಟ ಬಾಲಗಂಧರ್ವರು ಸ್ತ್ರೀ ಪಾತ್ರ ಮಾಡಿ ಮೆರೆದರು. ಅವರು ಸೀರೆ ಉಡುವ ರೀತಿ ನೋಡಿ ದೊಡ್ಡ ಮನೆತನದ ಹೆಂಗಸರೇ ಹಾಗೆ ಉಡಲು ಶುರು ಮಾಡಿದರು. ಹಾಗಂತ ಸ್ತ್ರೀ ಪಾತ್ರ ಮಾಡಿದವರೆಲ್ಲ ಮನೆಯಲ್ಲೂ ಸೀರೆ ಉಡುವ ಆಸೆಯವರು ಅಂತ ಲೆಕ್ಕ ಹಾಕಬೇಡಿ. ಎಷ್ಟೋ ಜನರಿಗೆ ಅದು ಕಲೆ, ಹೊಟ್ಟೆಪಾಡು. ನಿಮ್ಮ ಹುಡುಕಾಟಕ್ಕೆ ಅಲ್ಲೂ ಗುರುತು ಸಿಗಲ್ಲ.

ನನಗೆ ಬೇಜಾರಾಗುವುದು ಒಂದೇ ವಿಷಯಕ್ಕೆ. ಬಂಡಿ ಮೇಲೆ ಉಟ್ಟರೆ ಚಪ್ಪಾಳೆ, ಮನೆಯೊಳಗೆ ಬಾಗಿಲು ಹಾಕಿಕೊಂಡು ಉಟ್ಟರೆ ಮರ್ಯಾದೆ ಹೋಯ್ತು ಅನ್ನುತ್ತಾರೆ. ಮಗಳು ಅಣ್ಣನ ಶರ್ಟು ಹಾಕಿಕೊಂಡು ಕಾಲೇಜಿಗೆ ಹೋದರೆ ಯಾರೂ ತಿರುಗಿ ನೋಡಲ್ಲ, ಅಲ್ವಾ?

ಕಾನೂನಿನ ಹೆದರಿಕೆ ಇದ್ದರೆ ಬಿಟ್ಟುಬಿಡಿ. ಗಂಡಸು ಸೀರೆ ಉಡುವುದು ಈ ದೇಶದಲ್ಲಿ ಅಪರಾಧವಲ್ಲ. 2014ರ ಏಪ್ರಿಲ್ 15ರಂದು ತೃತೀಯ ಲಿಂಗಿಗಳ ಹಕ್ಕಿನ ಬಗ್ಗೆ ಕೊಟ್ಟ ನಾಲ್ಸಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಮನುಷ್ಯ ತನ್ನನ್ನು ಉಡುಗೆಯ ಮೂಲಕ ತೋರಿಸಿಕೊಳ್ಳುವುದು ಸಂವಿಧಾನದ 19ನೇ ವಿಧಿ ಕೊಟ್ಟ ಅಭಿವ್ಯಕ್ತಿ ಸ್ವಾತಂತ್ರ್ಯದೊಳಗೇ ಬರುತ್ತದೆ ಎಂದು ಹೇಳಿದೆ.

ಜೊತೆಗಾರರು ಬೇಕು ಅನ್ನುವುದು ನ್ಯಾಯವಾದ ಆಸೆ. ಆದರೆ ಕಂಡಕ್ಟರನಿಗೋ ಮಾಸ್ತರಿಗೋ ಸೂಚನೆ ಕೊಟ್ಟು ಪರೀಕ್ಷೆ ಮಾಡಲು ಹೋಗಬೇಡಿ. ಊಹೆ ತಪ್ಪಾದರೆ ನಿಮ್ಮ ಗುಟ್ಟು ಊರ ಬಾಯಿಗೆ ಬೀಳುತ್ತದೆ. ಸರಿಯಾದರೆ ಆ ಮನುಷ್ಯ ನಡುಗಿ ಹೋಗುತ್ತಾನೆ, ತನ್ನ ಗುಟ್ಟು ಹೊರಬಿತ್ತು ಅಂತ. ಫೋನಿನಲ್ಲಿ ಇಂಥ ಗೆಳೆಯರ ಗುಂಪುಗಳು ಸಿಗುತ್ತವೆ. ಅಲ್ಲಿ ನಿಜವಾದ ಹೆಸರು, ಆಫೀಸು, ಮುಖ ಕಾಣುವ ಫೋಟೊ ಯಾವುದನ್ನೂ ಕೊಡಬೇಡಿ, ಎಷ್ಟೇ ಸಲುಗೆ ಬೆಳೆದರೂ. ಭೇಟಿಯಾಗುವುದಾದರೆ ನಾಲ್ಕು ಜನ ಓಡಾಡುವ ಜಾಗದಲ್ಲಿ ಭೇಟಿಯಾಗಿ. ಫೋಟೊ ಇಟ್ಟುಕೊಂಡು ದುಡ್ಡು ಕೇಳುವವರು ಇರುತ್ತಾರೆ. ಒಂದು ಸಲ ಕೊಟ್ಟರೆ ಮತ್ತೆ ಕೇಳುತ್ತಾರೆ, ಅದಕ್ಕೇ ಮೊದಲ ಸಲವೇ ಕೊಡಬೇಡಿ. ಹೆದರಿಸಿ ದುಡ್ಡು ಕೀಳುವುದು ಭಾರತೀಯ ನ್ಯಾಯ ಸಂಹಿತೆಯ 308ನೇ ಕಲಮಿನಡಿ ಅಪರಾಧ. ಮೆಸೇಜುಗಳನ್ನು ಅಳಿಸದೆ ಇಟ್ಟುಕೊಂಡು ಪೊಲೀಸರಿಗೆ ಹೇಳಿ, ಆನ್‌ಲೈನ್ ಮೋಸವಾದರೆ 1930ಕ್ಕೆ ಫೋನ್ ಮಾಡಿ. ಬರೀ ಮನಸ್ಸು ಬಿಚ್ಚಲು ಒಂದು ಕಿವಿ ಬೇಕಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಇದೆ, ಹಗಲೂ ರಾತ್ರಿ, ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು.

ಇನ್ನೊಂದು ಮಾತು. ಊರೆಲ್ಲ ಹುಡುಕುವ ಮೊದಲು ಮನೆಯಲ್ಲಿರುವವರನ್ನು ನೆನಪಿಸಿಕೊಳ್ಳಿ. ಹೆಂಡತಿಗೆ ಹೇಳಬೇಕೋ ಬೇಡವೋ ನಿಮಗೆ ಬಿಟ್ಟದ್ದು. ಆದರೆ ಅವರು ತಾವಾಗಿ ಟ್ರಂಕು ತೆರೆಯುವುದಕ್ಕಿಂತ ನೀವು ಬಾಯಿಬಿಟ್ಟು ಹೇಳುವುದು ಎಷ್ಟೋ ವಾಸಿ. ಮಕ್ಕಳಿಲ್ಲದ ಹೊತ್ತು ನೋಡಿ, ಪ್ಯಾಂಟು ಶರ್ಟಿನಲ್ಲೇ ಕೂತು ಹೇಳಿ. ಸೀರೆ ಉಟ್ಟು ಎದುರು ನಿಂತು ಗಾಬರಿ ಮಾಡಬೇಡಿ. ಯಾಕೆ ಹೀಗೆ ಹೇಳುತ್ತಿದ್ದೇನೆ ಅಂದರೆ ಕೆಳಗಿನ ಪತ್ರ ಓದಿ.

ಪ್ರಶ್ನೆ: ಅಕ್ಕಾವ್ರೇ, ಬೀರುವಿನ ಮೇಲಿನ ಚೀಲದಲ್ಲಿ ನನ್ನದಲ್ಲದ ಸೀರೆ, ಬಳೆ, ದೊಡ್ಡ ಅಳತೆಯ ಕುಪ್ಪಸ ಸಿಕ್ಕವು. ಇನ್ನೊಬ್ಬಳು ಇದ್ದಾಳೆ ಅಂತ ಅತ್ತು ರಂಪ ಮಾಡಿದೆ. ಕೊನೆಗೆ ನಮ್ಮ ಮನೆಯವರು ತಲೆ ತಗ್ಗಿಸಿ, ಅವೆಲ್ಲ ನನ್ನವೇ, ನಾನೇ ಹಾಕಿಕೊಳ್ಳುತ್ತೇನೆ ಅಂದರು. ಅವತ್ತಿನಿಂದ ನನಗೆ ಎಲ್ಲ ಗಂಡಸರ ಮೇಲೂ ಅನುಮಾನ. ಮೈದುನನನ್ನು ನೋಡಿದರೂ, ತರಕಾರಿಯವನನ್ನು ನೋಡಿದರೂ, ಗುಡಿಯ ಪೂಜಾರಿಯನ್ನು ನೋಡಿದರೂ ಇವರ ಮನೆಯಲ್ಲೂ ಇಂಥ ಚೀಲ ಇರಬಹುದಾ ಅನ್ನಿಸುತ್ತದೆ. ಅಕ್ಕನಿಗೆ ಹೇಳಿದೆ. ಎಲ್ಲಮ್ಮನ ಕಾಟ ಇರಬೇಕು, ಸವದತ್ತಿಗೆ ಕರಕೊಂಡು ಹೋಗು ಅಂದಳು. ಇದು ರೋಗವಾ? ಇವರಿಗೆ ಗಂಡಸರು ಬೇಕಾ?
– ನೊಂದ ಹೆಂಡತಿ, ವಿಜಯಪುರ

ಉತ್ತರ: ತಂಗಿ, ಮೊದಲು ಒಂದು ಸಮಾಧಾನದ ಮಾತು. ಇನ್ನೊಬ್ಬಳು ಇಲ್ಲ. ಬಚ್ಚಿಟ್ಟಿದ್ದಕ್ಕೆ ನಿಮಗೆ ಸಿಟ್ಟು ಬಂದಿದ್ದು ಸರಿ, ಅದನ್ನು ನುಂಗಿಕೊಳ್ಳಿ ಅಂತ ನಾನು ಹೇಳಲ್ಲ.

ರೋಗ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಮೊದಲು ಇದಕ್ಕೂ ಜಾಗ ಇತ್ತು. 2022ರ ಜನವರಿ 1ರಿಂದ ಜಾರಿಗೆ ಬಂದ ಹೊಸ ಪಟ್ಟಿಯಲ್ಲಿ ಅದನ್ನು ತೆಗೆದುಹಾಕಿದ್ದಾರೆ. ಅಮೆರಿಕದ ಮನೋವೈದ್ಯರ 2013ರ ಕೈಪಿಡಿಯ ಪ್ರಕಾರವೂ, ಈ ಆಸೆಯಿಂದ ಆ ಮನುಷ್ಯ ತೀರಾ ಸಂಕಟಪಟ್ಟರೆ ಅಥವಾ ಅವನ ಬದುಕು ಕೆಲಸ ಕೆಟ್ಟರೆ ಮಾತ್ರ ಚಿಕಿತ್ಸೆಯ ಮಾತು. ಗಂಡಸರು ಬೇಕಾ ಅಂತ ಕೇಳಿದಿರಿ. ಮೇಲಿನ ಉತ್ತರದಲ್ಲಿ ಹೇಳಿದ ಸಮೀಕ್ಷೆ ನೋಡಿ, ಹೆಚ್ಚಿನವರಿಗೆ ಹಾಗಿಲ್ಲ. ನಿಮ್ಮ ಮನೆಯವರ ಮನಸ್ಸಿನಲ್ಲಿ ಏನಿದೆ ಅನ್ನುವುದನ್ನು ಮಾತ್ರ ಅವರೇ ಹೇಳಬೇಕು. ಕೇಳಿ. ಜಗಳದ ಹೊತ್ತಿನಲ್ಲಿ ಬೇಡ, ಊಟ ಆಗಿ ಮಕ್ಕಳು ಮಲಗಿದ ಮೇಲೆ ಕೇಳಿ.

ಎಲ್ಲಮ್ಮನ ವಿಷಯ. ಜೋಗಪ್ಪನವರ ದಾರಿಯೇ ಬೇರೆ. ಅವರು ಮುತ್ತು ಕಟ್ಟಿಸಿಕೊಂಡು, ದೇವಿಯ ಹೆಸರಿನಲ್ಲಿ ಸೀರೆ ಉಟ್ಟು, ಊರ ಮುಂದೆಯೇ ಬದುಕುವವರು. ಅವರ ನಡುವಿನಿಂದಲೇ ಬಂದ ಮಂಜಮ್ಮ ಜೋಗತಿಯವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಅವರು ಹೆಣ್ಣಾಗಿಯೇ ಬದುಕುವವರು. ನಿಮ್ಮ ಮನೆಯವರು ಗಂಡಸಾಗಿಯೇ ಇದ್ದು, ಯಾವಾಗಲೋ ಒಮ್ಮೆ ಸೀರೆ ಉಟ್ಟು, ಮತ್ತೆ ಮಡಚಿ ಇಡುವವರು. ಎರಡನ್ನೂ ಒಂದೇ ಮಾಡಬೇಡಿ. ಭಕ್ತಿಯಿದ್ದರೆ ಹುಣ್ಣಿಮೆಗೆ ಗುಡ್ಡಕ್ಕೆ ಹೋಗಿ ಬನ್ನಿ, ಉಧೋ ಉಧೋ ಅನ್ನಿ, ಆದರೆ ಗಂಡನನ್ನು ವಾಸಿ ಮಾಡಿಸಲು ಅಂತ ಕರೆದೊಯ್ಯಬೇಡಿ. ವಾಸಿ ಮಾಡುತ್ತೇವೆ ಅಂತ ದುಡ್ಡು ಕೀಳುವವರು ದಾರಿಯುದ್ದಕ್ಕೂ ಸಿಗುತ್ತಾರೆ.

ಸೀರೆ ಸುಟ್ಟುಬಿಡಿ, ಇನ್ನು ಮುಟ್ಟಲ್ಲ ಅಂತ ಮಕ್ಕಳ ಮೇಲೆ ಆಣೆ ಮಾಡಿ ಅಂತ ಹೇಳಬೇಕು ಅನ್ನಿಸಬಹುದು. ಬೇಡ. ಈ ಆಸೆಯುಳ್ಳವರು ಎಷ್ಟೋ ಸಲ ತಾವಾಗಿಯೇ ಎಲ್ಲವನ್ನೂ ಎಸೆದು, ಇನ್ನು ಸಾಕು ಅಂದುಕೊಂಡು, ಕೆಲವು ತಿಂಗಳಲ್ಲೇ ಮತ್ತೆ ಕೊಂಡು ತರುತ್ತಾರೆ. ಆಣೆ ಹಾಕಿದರೆ ಸುಳ್ಳು ಜಾಸ್ತಿಯಾಗುತ್ತದೆ, ಆಸೆ ಹೋಗಲ್ಲ. ಅದರ ಬದಲು ಇಬ್ಬರೂ ಕೂತು ಮಾತು ಕಟ್ಟಿಕೊಳ್ಳಿ. ಯಾವಾಗ, ಎಲ್ಲಿ, ಮಕ್ಕಳಿಗೆ ಕಾಣದ ಹಾಗೆ ಹೇಗೆ, ಅದಕ್ಕೆ ಎಷ್ಟು ಖರ್ಚು ಮಾಡಬಹುದು, ಫೋಟೊ ತೆಗೆಯಬಹುದಾ. ನೀವು ನೋಡಲೇಬೇಕು, ಮೆಚ್ಚಲೇಬೇಕು ಅಂತ ಯಾರೂ ಹೇಳುವ ಹಾಗಿಲ್ಲ. ನನಗೆ ಕಾಣಿಸಬೇಡಿ ಅನ್ನುವುದೂ ನಿಮ್ಮ ಹಕ್ಕು. ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿ ಮಾತಾಡಿಸುವ ಆಪ್ತಸಮಾಲೋಚಕರು ಸಿಕ್ಕರೆ ಒಳ್ಳೆಯದು.

ಮೈದುನ, ತರಕಾರಿಯವನು, ಪೂಜಾರಿ ಇವರನ್ನು ಬಿಟ್ಟುಬಿಡಿ. ಅವರ ಬೀರುವಿನಲ್ಲಿ ಏನಿದ್ದರೂ ನಿಮ್ಮ ಮನೆಯ ಮಾತು ಅದರಿಂದ ಬಗೆಹರಿಯಲ್ಲ. ಮತ್ತೆ ಅಕ್ಕನಿಗೆ ಇವತ್ತೇ ಫೋನ್ ಮಾಡಿ, ಈ ವಿಷಯ ನಿನ್ನಲ್ಲೇ ಇರಲಿ, ಭಾವನಿಗೂ ಹೇಳಬೇಡ ಅನ್ನಿ. ನಮ್ಮ ಕಡೆ ಒಂದು ಮಾತು ಮದುವೆ ಮನೆಗೆ ಹೋದರೆ ಮೂರು ತಾಲ್ಲೂಕು ದಾಟುತ್ತದೆ.

ಪ್ರಶ್ನೆ: ಬೆಳಗಾವಿ ಖಡೇಬಜಾರಿನಲ್ಲಿ ನಮ್ಮ ಕಾಲೇಜಿನ ಒಬ್ಬ ಸರ್ ನೈಟಿ, ಲಿಪ್‌ಸ್ಟಿಕ್ ಕೊಳ್ಳುತ್ತಿದ್ದರು. ಗೆಳೆಯ ಫೋಟೊ ತೆಗೆದು ಗ್ರೂಪಿನಲ್ಲಿ ಹಾಕಿದ. ಈಗ ಇನ್ಯಾರ್ಯಾರು ಹಾಗಿರಬಹುದು ಅಂತ ದಿನಾ ಪಟ್ಟಿ ಮಾಡುತ್ತಿದ್ದಾರೆ. ನಾನೂ ನಕ್ಕೆ, ಆಮೇಲೆ ಒಂಥರಾ ಅನ್ನಿಸಿತು. ಏನು ಮಾಡಲಿ?
– ವಿದ್ಯಾರ್ಥಿ, ಬೆಳಗಾವಿ

ಉತ್ತರ: ತಮ್ಮಾ, ಒಂಥರಾ ಅನ್ನಿಸಿದ್ದು ಒಳ್ಳೆಯದೇ ಆಯ್ತು. ನಿಮ್ಮ ಸರ್ ಹೆಂಡತಿಗೋ ತಂಗಿಗೋ ಕೊಂಡಿರಬಹುದು, ತಮಗೇ ಕೊಂಡಿರಬಹುದು. ಎರಡರಲ್ಲಿ ಯಾವುದಾದರೂ ಅದು ನಿಮ್ಮ ಗ್ರೂಪಿನ ಸೊತ್ತಲ್ಲ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ತೀರ್ಪು ಕೊಟ್ಟರು. ಆ ಕೇಸು ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರು.

ಇಂಥ ಪಟ್ಟಿಯಿಂದ ಕೆಲಸ ಕಳೆದುಕೊಳ್ಳಬಹುದು, ಮನೆ ಒಡೆಯಬಹುದು, ಮನುಷ್ಯ ಜೀವವನ್ನೇ ಕಳೆದುಕೊಳ್ಳಬಹುದು. ದಯವಿಟ್ಟು ಇದನ್ನು ಸಣ್ಣದು ಅಂದುಕೊಳ್ಳಬೇಡಿ. ಆ ಗ್ರೂಪಿನಲ್ಲೇ, ಮನೆಯಲ್ಲಿ ಬಾಗಿಲು ಹಾಕಿಕೊಂಡು ಅಕ್ಕನ ಚೂಡಿದಾರ ಹಾಕಿ ನೋಡಿದ ಹುಡುಗ ಒಬ್ಬ ಇದ್ದರೂ ಇರಬಹುದು. ನೀವೆಲ್ಲ ನಗುವುದನ್ನು ನೋಡಿ ಅವನೂ ನಕ್ಕಿರುತ್ತಾನೆ.

ನಿಮ್ಮ ಫೋನಿನಲ್ಲಿರುವ ಫೋಟೊ ಅಳಿಸಿ. ಗೆಳೆಯನಿಗೆ ಒಬ್ಬನೇ ಸಿಕ್ಕಾಗ ಹೇಳಿ, ಗ್ರೂಪಿನಲ್ಲಿ ಹಾಕಿದ್ದನ್ನು ಎಲ್ಲರಿಗೂ ಹೋಗುವ ಹಾಗೆ ಅಳಿಸು ಅಂತ. ಕೇಳದಿದ್ದರೆ ಗ್ರೂಪಿನ ಅಡ್ಮಿನ್‌ಗೆ ಹೇಳಿ. ಇನ್ನೊಂದು ಹೆಸರು ಪಟ್ಟಿಗೆ ಸೇರುತ್ತಿದ್ದ ಹಾಗೆ, ಇದು ಸಾಕು ನಿಲ್ಲಿಸ್ರೋ ಅಂತ ಎಲ್ಲರ ಎದುರೇ ಬರೆಯಿರಿ. ಸರ್ ಹತ್ತಿರ ಹೋಗಿ ಕ್ಷಮೆ ಕೇಳಬೇಕು ಅನ್ನಿಸಿದರೆ ಬೇಡ, ಫೋಟೊ ಓಡಾಡಿದ್ದು ಅವರಿಗೆ ಇನ್ನೂ ಗೊತ್ತಿರದಿದ್ದರೆ ನೀವಾಗಿ ಹೇಳಿ ಅವರ ನಿದ್ದೆ ಕೆಡಿಸಬೇಡಿ. ಗೊತ್ತಾಗಿ ಅವರೇ ವಿಚಾರಿಸಿದರೆ ಮಾತ್ರ, ಇದ್ದದ್ದನ್ನು ಇದ್ದ ಹಾಗೆ ಹೇಳಿ, ಯಾವಾಗ ಅಳಿಸಿದಿರಿ ಅನ್ನುವುದನ್ನೂ ಹೇಳಿ.