ಓದುಗರ ಪ್ರಶ್ನೆ: ಇಪ್ಪತ್ತೋ, ಎಪ್ಪತ್ತೋ?

ಪ್ರಶ್ನೆ: ನಮ್ಮ ಎಪಿಎಂಸಿಯಲ್ಲಿ ಮೆಕ್ಕೆಜೋಳದ ಲೆಕ್ಕ ಹೇಳುವಾಗ ಫೋನಿನಲ್ಲಿ ‘ಇಪ್ಪತ್ತು ಚೀಲ’ ಅಂದದ್ದು ‘ಎಪ್ಪತ್ತು’ ಎಂದು ಕೇಳಿಸುವುದುಂಟು. ಪೈಲಟ್‌ಗಳಿಗೂ ಹೀಗಾಗುತ್ತದೆಯೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಆಗುತ್ತದೆ. 1989ರ ಫೆಬ್ರವರಿಯಲ್ಲಿ ಕ್ವಾಲಾಲಂಪುರದಲ್ಲಿ ಇಳಿಯುತ್ತಿದ್ದ ಸರಕು ವಿಮಾನವೊಂದಕ್ಕೆ 2400 ಅಡಿಗೆ ಇಳಿಯಲು ಹೇಳಬೇಕಿತ್ತು. ನೆಲದಿಂದ ರೇಡಿಯೊದಲ್ಲಿ ಸೂಚನೆ ಕೊಡುವ ನಿಯಂತ್ರಕರು ‘ಡಿಸೆಂಡ್ (ಇಳಿಯಿರಿ) ಟೂ ಫೋರ್ ಝೀರೋ ಝೀರೋ’ ಅಂದರು. ಇಂಗ್ಲಿಷಿನಲ್ಲಿ ‘ಎರಡು’ ಅನ್ನುವ two, ನಮ್ಮ ‘-ಕ್ಕೆ’ ಪ್ರತ್ಯಯದ ಕೆಲಸ ಮಾಡುವ to ಎರಡೂ ಕಿವಿಗೆ ಒಂದೇ. ಪೈಲಟ್‌ಗಳು 400 ಅಡಿ ಎಂದುಕೊಂಡರು, ‘ಓಕೆ, ಫೋರ್ ಝೀರೋ ಝೀರೋ’ ಎಂದು ತಿರುಗಿ ಹೇಳಿಯೂ ಹೇಳಿದರು. ಯಾರೂ ತಿದ್ದಲಿಲ್ಲ. ನೆಲ ಹತ್ತಿರವಾಯಿತೆಂಬ ಯಂತ್ರದ ಎಚ್ಚರಿಕೆಗೂ ಕಿವಿಗೊಡದೆ ವಿಮಾನ ಗುಡ್ಡಕ್ಕೆ ಬಡಿಯಿತು, ನಾಲ್ವರೂ ಸತ್ತರು.

ಎತ್ತರ, ದಿಕ್ಕು, ರನ್‌ವೇ ಸಂಖ್ಯೆ, ಗಾಳಿಯೊತ್ತಡದ ಅಂಕಿಗಳನ್ನು ಪೈಲಟ್ ತಿರುಗಿ ಹೇಳಲೇಬೇಕು, ಇದು ರೀಡ್‌ಬ್ಯಾಕ್. ಬರೀ ‘ರೋಜರ್’ ಸಾಲದು, ಅದರ ಅರ್ಥ ‘ಕೇಳಿಸಿತು’ ಎಂದಷ್ಟೇ. ನಮಗೆ ಕಾಣುವಂತೆ ತೊಡಕಿರುವುದು ಇದರ ಇನ್ನೊಂದು ತುದಿಯಲ್ಲಿ: ತಾನು ಹೇಳಿದ್ದೇ ಮರಳಿ ಬಂತು ಎಂದು ನಿಯಂತ್ರಕರ ಕಿವಿ ಮೊದಲೇ ನಂಬಿರುತ್ತದೆ. 423, 432ರಂಥ ಅವಳಿ ಸಂಖ್ಯೆಯ ವಿಮಾನಗಳು ಒಂದೇ ತರಂಗದಲ್ಲಿದ್ದರಂತೂ ಒಬ್ಬರಿಗೆ ಕೊಟ್ಟ ಅನುಮತಿ ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ.

ರೇಡಿಯೊದಲ್ಲಿ ಫೋನಿನಂತೆ ಇಬ್ಬರೂ ಒಟ್ಟಿಗೆ ಮಾತಾಡಲಾಗದು. ಇಬ್ಬರು ಒಮ್ಮೆಗೇ ಬಟನ್ ಒತ್ತಿದರೆ ಉಳಿದವರಿಗೆ ಕೀರಲು ಶಬ್ದವೇ ಗತಿ. 1977ರ ಮಾರ್ಚ್ 27ರಂದು ಸ್ಪೇನ್‌ನ ಟೆನೆರಿಫ್ ದ್ವೀಪದ ವಿಮಾನ ನಿಲ್ದಾಣದಲ್ಲಿ ಮಂಜಿನ ನಡುವೆ ಆದದ್ದು ಇದೇ. ‘ನಾವೀಗ ಟೇಕಾಫ್‌ನಲ್ಲಿದ್ದೇವೆ’ ಎಂದ ಕೆಎಲ್‌ಎಂ ವಿಮಾನದ ಪೈಲಟ್‌ಗಳು ಆಗಲೇ ಓಟ ಶುರುಮಾಡಿದ್ದರು. ನಿಯಂತ್ರಣ ಗೋಪುರದವರು ಆ ವಿಮಾನ ಇನ್ನೂ ನಿಂತಿದೆ ಎಂದುಕೊಂಡರು. ‘ಓಕೆ’ ಎಂದಮೇಲೆ ಅವರು ಹೇಳಿದ ‘ಕಾಯಿರಿ’, ಅದೇ ಕ್ಷಣ ಮಾತಾಡಿದ, ಅದೇ ರನ್‌ವೇಯಲ್ಲಿದ್ದ ಪ್ಯಾನ್ ಆಮ್ ವಿಮಾನದ ಎಚ್ಚರಿಕೆ ಎರಡೂ ಕೀರಲಿನಲ್ಲಿ ಹೂತುಹೋದವು. ಎರಡೂ ವಿಮಾನಗಳು ಡಿಕ್ಕಿಯಾದವು, ಸತ್ತವರು 583. ಈಗ ‘ಟೇಕಾಫ್’ ಪದ ಬರುವುದು ಅನುಮತಿ ಕೊಡುವಾಗ ಅಥವಾ ರದ್ದುಮಾಡುವಾಗ ಮಾತ್ರ. ಉಳಿದ ಕಡೆ ‘ಡಿಪಾರ್ಚರ್’.

ನಿಮ್ಮ ಚೀಲಗಳಿಗೂ ವಿಮಾನದವರ ರೂಢಿ ಒಗ್ಗುತ್ತದೆ: ‘ಎರಡು, ಸೊನ್ನೆ’ ಎಂದು ಬಿಡಿಬಿಡಿಯಾಗಿ ಹೇಳಿ.

ಪ್ರಶ್ನೆ: ಕನ್ನಡ ಮಾಧ್ಯಮದಲ್ಲಿ ಓದಿದವಳು ನಾನು. ಪೈಲಟ್ ಆಗಲು ಇಂಗ್ಲಿಷ್ ಎಷ್ಟು ಬೇಕು?
– ವಿದ್ಯಾರ್ಥಿನಿ, ಚಿತ್ರದುರ್ಗ

ಉತ್ತರ: ಅಂತರರಾಷ್ಟ್ರೀಯ ಹಾರಾಟಕ್ಕೆ 2008ರಿಂದ ಇಂಗ್ಲಿಷ್ ಪರೀಕ್ಷೆಯ ಆರು ಹಂತಗಳಲ್ಲಿ ಕನಿಷ್ಠ 4ನೇ ಹಂತ ಬೇಕು, ಆ ಹಂತದವರಿಗೆ ಮೂರು ವರ್ಷಕ್ಕೊಮ್ಮೆ ಮರುಪರೀಕ್ಷೆ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ 15,000 ಅಡಿಯಲ್ಲಿ ನಿಲ್ಲಬೇಕಿದ್ದ ಕಜಕ್ ವಿಮಾನ ಇನ್ನೂ ಕೆಳಗಿಳಿದು ಸೌದಿ ವಿಮಾನಕ್ಕೆ ಡಿಕ್ಕಿಯಾಗಿ 349 ಮಂದಿ ಸತ್ತರಲ್ಲ, ಅಲ್ಲಿ ಸಿಬ್ಬಂದಿಯ ಇಂಗ್ಲಿಷ್ ಕೊರತೆಯೂ ಒಂದು ಕಾರಣವಾಗಿತ್ತು. ಆದರೆ ಚಂದದ ಉಚ್ಚಾರ ಯಾರೂ ಕೇಳುವುದಿಲ್ಲ. ಒಂಬತ್ತಕ್ಕೆ ‘ನೈನರ್’, ಮೂರಕ್ಕೆ ‘ಟ್ರೀ’ ಎನ್ನುವುದನ್ನು ಈಗಲೇ ಬಾಯಿಗೆ ರೂಢಿಸಿಕೊಳ್ಳಿ. ಬಟನ್ ಒತ್ತಿ ಅರೆಕ್ಷಣ ತಡೆದು ಮಾತು ಶುರುಮಾಡಿ, ಇಲ್ಲದಿದ್ದರೆ ಮೊದಲ ಪದ ನುಂಗಿಹೋಗುತ್ತದೆ. ಕೇಳಿಸದಿದ್ದರೆ ಊಹಿಸಬೇಡಿ, ‘ಸೇ ಅಗೇನ್’ ಅನ್ನಿ. ಎಷ್ಟು ಸಲವಾದರೂ ಸರಿ.