ತೊಳೆದಷ್ಟೂ ತುರಿಕೆ ಜಾಸ್ತಿ ಆಗ್ತಿದೆ, ಏನು ಮಾಡಲಿ?

ಪ್ರಶ್ನೆ: ನನಗೆ 57 ವರ್ಷ. ಮುಟ್ಟು ನಿಂತು ಆರು ವರ್ಷವಾಯಿತು. ಎರಡು ವರ್ಷದಿಂದ ಮೂತ್ರ ಮಾಡುವ ಜಾಗದ ಸುತ್ತ ವಿಪರೀತ ತುರಿಕೆ, ರಾತ್ರಿ ನಿದ್ದೆಯೇ ಇಲ್ಲ. ಅಲ್ಲಿ ಚರ್ಮ ಬೆಳ್ಳಗಾಗಿದೆ. ಫಂಗಸ್ ಇರಬೇಕು ಎಂದು ನಾಲ್ಕೈದು ಟ್ಯೂಬ್ ಹಚ್ಚಿದ್ದಾಯಿತು. ಕೊನೆಗೆ ಚರ್ಮದ ಡಾಕ್ಟರು ಚೂರು ಚರ್ಮ ತೆಗೆದು ಪರೀಕ್ಷೆ ಮಾಡಿಸಿ ‘ಲೈಕೆನ್ ಸ್ಕ್ಲೆರೋಸಸ್’ ಅಂದರು. ಕ್ಲೋಬೆಟಾಸಾಲ್ ಮುಲಾಮು ಬರೆದುಕೊಟ್ಟರು. ಮೂರು ವಾರ ಹಚ್ಚಿದೆ, ತುರಿಕೆ ನಿಂತಿತು. ಆದರೆ ಇದು ಸ್ಟೆರಾಯ್ಡ್, ಗುಪ್ತಾಂಗಕ್ಕೆ ಹಚ್ಚಬಾರದು ಎಂದು ಟ್ಯೂಬಿನ ಜೊತೆಗಿದ್ದ ಚೀಟಿಯಲ್ಲಿ ಇದೆಯಂತೆ. ಮಗಳು ಓದಿ ಹೇಳಿದಳು. ಹೆದರಿ ಬಿಟ್ಟೆ. ಈಗ ಮತ್ತೆ ಶುರುವಾಗಿದೆ. ದಿನಕ್ಕೆ ಮೂರು ಸಲ ಬಿಸಿನೀರಿಗೆ ಆ್ಯಂಟಿಸೆಪ್ಟಿಕ್ ಹಾಕಿ, ಸೋಪು ಹಚ್ಚಿ ತೊಳೆಯುತ್ತೇನೆ. ಮೊಮ್ಮಗಳು ನನ್ನ ಪಕ್ಕದಲ್ಲೇ ಮಲಗುತ್ತಾಳೆ. ಅವಳಿಗೂ ಅಂಟುತ್ತದೆಯೇ?
– ಹೆಸರು ಬೇಡ, ದಾವಣಗೆರೆ

ಉತ್ತರ: ಅಮ್ಮಾ, ಮೊದಲು ಮೊಮ್ಮಗಳ ವಿಷಯ. ಅಂಟುವುದಿಲ್ಲ. ಅವಳಿಗೂ ಅಂಟುವುದಿಲ್ಲ, ನಿಮ್ಮ ಯಜಮಾನರಿಗೂ ಅಂಟುವುದಿಲ್ಲ. ಧೈರ್ಯವಾಗಿ ಪಕ್ಕದಲ್ಲಿ ಮಲಗಿಸಿಕೊಳ್ಳಿ.

ಇದು ಕೊಳೆಯಿಂದ ಬರುವ ಕಾಯಿಲೆಯೂ ಅಲ್ಲ. ನಮ್ಮ ದೇಹದ ರೋಗನಿರೋಧಕ ಶಕ್ತಿಯೇ ಆ ಜಾಗದ ಚರ್ಮದ ಮೇಲೆ ತಿರುಗಿಬಿದ್ದಿರುತ್ತದೆ ಎಂಬುದು ಈಗಿನ ತಿಳಿವಳಿಕೆ. ಅದಕ್ಕೇ ಇದಿರುವವರಲ್ಲಿ ಥೈರಾಯ್ಡ್ ತೊಂದರೆ ಸ್ವಲ್ಪ ಜಾಸ್ತಿ ಕಾಣುತ್ತದೆ. ನೀವೂ ಒಮ್ಮೆ ರಕ್ತಪರೀಕ್ಷೆ ಮಾಡಿಸಿ. ಚರ್ಮ ತೆಳ್ಳಗಾಗಿ, ಬೆಳ್ಳಗಾಗಿ, ಮುದುರಿದ ಕಾಗದದ ಹಾಗೆ ಆಗುತ್ತದೆ. ಅಂಥ ಚರ್ಮವನ್ನು ದಿನಕ್ಕೆ ಮೂರು ಸಲ ಬಿಸಿನೀರು, ಸೋಪು, ಆ್ಯಂಟಿಸೆಪ್ಟಿಕ್‌ನಿಂದ ಉಜ್ಜಿದರೆ ಏನಾಗಬೇಕು ಹೇಳಿ? ಇರುವ ಅಲ್ಪಸ್ವಲ್ಪ ಎಣ್ಣೆಯಂಶವೂ ಹೋಗಿ ಸಣ್ಣ ಸಣ್ಣ ಸೀಳು ಬೀಳುತ್ತದೆ. ಅದಕ್ಕೆ ಮೂತ್ರ ತಾಗಿದರೆ ಉರಿ. ಉರಿ ಎಂದು ಮತ್ತೆ ತೊಳೆಯುವುದು. ಇದನ್ನು ಇವತ್ತೇ ನಿಲ್ಲಿಸಿ. ದಿನಕ್ಕೆ ಒಂದು ಸಲ ಉಗುರುಬೆಚ್ಚಗಿನ ನೀರು ಸಾಕು. ಸೋಪು ಬೇಡ. ‘ಹೆಂಗಸರಿಗಾಗಿಯೇ’ ಎಂದು ಮಾರುವ ಪರಿಮಳದ ವಾಶ್ ಕೂಡ ಬೇಡ. ಬೇವಿನೆಲೆ ಕುದಿಸಿದ ನೀರು, ಅರಿಶಿನ ಇವೂ ಅಲ್ಲಿಗೆ ಬೇಡ.

ಇನ್ನು ಮುಲಾಮಿನ ಮಾತು. ನಿಮ್ಮ ಡಾಕ್ಟರು ಕೊಟ್ಟಿದ್ದು ಸರಿಯಾದ ಔಷಧಿ. ಈ ಕಾಯಿಲೆಗೆ ಎಲ್ಲ ಕಡೆಯೂ ಮೊದಲು ಬರೆಯುವುದು ಇದನ್ನೇ. ಚೀಟಿಯಲ್ಲಿರುವ ಎಚ್ಚರಿಕೆ ತಮಗೆ ತಾವೇ ತಂದು ಹಚ್ಚಿಕೊಳ್ಳುವವರಿಗೆ. ಕಾಯಿಲೆ ಯಾವುದೆಂದು ಖಚಿತವಾಗಿ, ಡಾಕ್ಟರು ಲೆಕ್ಕ ಹಾಕಿ ಕೊಟ್ಟಾಗ ಮಾತು ಬೇರೆ. ನನ್ನ ಹತ್ತಿರ ಬರುವವರಲ್ಲಿ ಎಷ್ಟೋ ಜನ ನಿಮ್ಮ ಹಾಗೇ ಆ ಚೀಟಿ ಓದಿ ಬಿಟ್ಟವರು. ಬಿಟ್ಟರೆ ಆಗುವ ನಷ್ಟವೇ ದೊಡ್ಡದು. ಯೋನಿಯ ಒಳತುಟಿಗಳು ಅಂಟಿಕೊಂಡು ಮಾಯವಾಗಬಹುದು, ಯೋನಿಯ ಬಾಯಿ ಕಿರಿದಾಗಬಹುದು.

ಸಾಮಾನ್ಯವಾಗಿ ಹೇಳುವ ಕ್ರಮ ಹೀಗಿದೆ. ಮೊದಲ 4 ವಾರ ದಿನಾ ರಾತ್ರಿ, ಆಮೇಲೆ 4 ವಾರ ದಿನ ಬಿಟ್ಟು ದಿನ, ಆಮೇಲೆ 4 ವಾರ ವಾರಕ್ಕೆರಡು ಸಲ. ಎಷ್ಟು ಹಚ್ಚಬೇಕು? ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಉದ್ದಕ್ಕೆ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಒಂದು ಸಲಕ್ಕೆ ಅಷ್ಟೇ. 30 ಗ್ರಾಂ ಟ್ಯೂಬು ಹತ್ತಿರ ಹತ್ತಿರ ಮೂರು ತಿಂಗಳು ಬರಬೇಕು. ಒಂದೇ ತಿಂಗಳಿಗೆ ಖಾಲಿಯಾದರೆ ಜಾಸ್ತಿ ಆಯಿತು ಎಂದರ್ಥ. ಮೊದಲ ಸಲ ಕೈಗನ್ನಡಿ ಹಿಡಿದು ನೋಡಿಕೊಂಡು ಹಚ್ಚಿ. ಬೆಳ್ಳಗಿರುವ ಜಾಗಕ್ಕೇ ತಾಗಬೇಕು, ತೊಡೆಗಲ್ಲ. ಹಸಿಮೆಣಸಿನಕಾಯಿ ಹೆಚ್ಚಿದ ದಿನ ಕೈ ಚೆನ್ನಾಗಿ ತೊಳೆದೇ ಹಚ್ಚಿ.

ಅಂಗಡಿಯಲ್ಲಿ ತಗೊಳ್ಳುವಾಗ ಟ್ಯೂಬಿನ ಮೇಲೆ ಓದಿ. ಕ್ಲೋಬೆಟಾಸಾಲ್ 0.05% ಮಾತ್ರ ಇರಬೇಕು. ಅದೇ ಹೆಸರಿನ ಜೊತೆ ಫಂಗಸ್ ಔಷಧಿ, ಆ್ಯಂಟಿಬಯೋಟಿಕ್, ಸ್ಯಾಲಿಸಿಲಿಕ್ ಆಸಿಡ್ ಬೆರೆಸಿದ ಟ್ಯೂಬುಗಳೂ ಬರುತ್ತವೆ. ‘ಇದೂ ಅದೇ’ ಎಂದು ಕೊಟ್ಟರೆ ತಗೋಬೇಡಿ. ಕ್ರೀಮಿಗಿಂತ ಜಿಡ್ಡು ಮುಲಾಮೇ ಒಳ್ಳೆಯದು, ಉರಿ ಕಡಿಮೆ.

ಮುಲಾಮು ಹಚ್ಚಿ ಅರ್ಧ ಗಂಟೆ ಬಿಟ್ಟು, ಪರಿಮಳವಿಲ್ಲದ ಪೆಟ್ರೋಲಿಯಂ ಜೆಲ್ಲಿ ತೆಳ್ಳಗೆ ಸವರಿ. ಹಗಲಿನಲ್ಲಿ ಮೂತ್ರಕ್ಕೆ ಹೋಗುವ ಮೊದಲೂ ಸವರಿದರೆ ಮೂತ್ರ ತಾಗಿ ಉರಿಯುವುದಿಲ್ಲ. ಅಡುಗೆಯ ಶುದ್ಧ ಕೊಬ್ಬರಿ ಎಣ್ಣೆ ಒಗ್ಗುವವರು ಅದನ್ನೇ ಬಳಸಬಹುದು. ತಲೆಗೆ ಹಚ್ಚುವ ಪರಿಮಳದ ಎಣ್ಣೆ ಬೇಡ. ಜೆಲ್ಲಿ ಹತ್ತಿದ ಬಟ್ಟೆಗೆ ಬೆಂಕಿ ಬೇಗ ಹಿಡಿಯುತ್ತದೆ. ಒಲೆ, ದೀಪದ ಹತ್ತಿರ ಹುಷಾರು.

ಯಾರೂ ಯೋಚಿಸದ ಒಂದು ವಿಷಯ ತಲೆಸ್ನಾನ. ಶಾಂಪೂ, ಸೀಗೆಪುಡಿಯ ನೀರು ಬೆನ್ನು, ಹೊಟ್ಟೆ ಇಳಿದು ಎಲ್ಲಿ ಹೋಗಿ ಸೇರುತ್ತದೆ? ಅಲ್ಲಿಗೇ ಅಲ್ವಾ! ತಲೆ ಮುಂದಕ್ಕೆ ಬಗ್ಗಿಸಿ ತೊಳೆದುಕೊಳ್ಳಿ. ಒಳಬಟ್ಟೆ ಹತ್ತಿಯದಿರಲಿ, ಸಡಿಲವಿರಲಿ, ಪುಡಿ ಹಾಕಿ ಒಗೆದ ಮೇಲೆ ಇನ್ನೊಂದು ಸಲ ಬರೀ ನೀರಿನಲ್ಲಿ ಹಿಂಡಿ. ಟಾಯ್ಲೆಟ್ ಜೆಟ್ ಜೋರಾಗಿ ಬಿಡಬೇಡಿ, ಚೊಂಬಿನಿಂದ ಮೆಲ್ಲಗೆ ನೀರು ಸುರಿದು ಮೆತ್ತನೆ ಬಟ್ಟೆ ಒತ್ತಿ ಒರೆಸಿಕೊಳ್ಳಿ. ಕೆಮ್ಮಿದಾಗ, ಸೀನಿದಾಗ ಮೂತ್ರ ಜಾರುತ್ತದೆ ಎಂದು ದಿನವಿಡೀ ಪ್ಯಾಡ್ ಇಟ್ಟುಕೊಳ್ಳುವ ಅಭ್ಯಾಸವಿದ್ದರೆ ಸಂಕೋಚ ಬಿಟ್ಟು ಡಾಕ್ಟರಿಗೆ ಹೇಳಿ. ಅದಕ್ಕೆ ಬೇರೆ ಚಿಕಿತ್ಸೆ ಇದೆ. ರಾತ್ರಿ ತುರಿಕೆ ತಡೆಯದಿದ್ದರೆ ತಣ್ಣೀರಿನಲ್ಲಿ ಅದ್ದಿದ ಬಟ್ಟೆ ಇಡಿ. ಉಗುರು ಕತ್ತರಿಸಿರಿ.

ತುರಿಕೆ ನಿಂತ ಮೇಲೂ ಮುಲಾಮು ಪೂರ್ತಿ ಬಿಡುವ ಹಾಗಿಲ್ಲ. ಎಷ್ಟು ದಿನಕ್ಕೊಮ್ಮೆ ಎಂದು ಡಾಕ್ಟರು ಹೇಳುತ್ತಾರೆ. ಇದಿರುವ ನೂರು ಹೆಂಗಸರಲ್ಲಿ ಐದಕ್ಕಿಂತ ಕಡಿಮೆ ಜನಕ್ಕೆ ಮುಂದೆ ಅಲ್ಲಿ ಕ್ಯಾನ್ಸರ್ ಬರಬಹುದು. ತಪ್ಪದೆ ಮುಲಾಮು ಹಚ್ಚುವವರಲ್ಲಿ ಆ ಅಪಾಯ ಇನ್ನೂ ಕಡಿಮೆ. ತಿಂಗಳಿಗೊಮ್ಮೆ ಕನ್ನಡಿಯಲ್ಲಿ ನೋಡಿಕೊಳ್ಳಿ. ಗಂಟು, ದಪ್ಪಗಾದ ಗಟ್ಟಿ ಜಾಗ, ಎರಡು ವಾರಕ್ಕೂ ಮಾಯದ ಹುಣ್ಣು ಕಂಡರೆ ಕಾಯಬೇಡಿ. ಏನೂ ಇಲ್ಲದಿದ್ದರೂ ವರ್ಷಕ್ಕೊಮ್ಮೆ ತೋರಿಸಿ.

ಪ್ರಶ್ನೆ: ನನ್ನ 6 ವರ್ಷದ ಮಗಳಿಗೆ ಇದೇ ಕಾಯಿಲೆ. ದೊಡ್ಡವಳಾದರೆ ತಾನೇ ಹೋಗುತ್ತದೆ ಎನ್ನುತ್ತಾರೆ. ಸುಮ್ನೆ ಬಿಡಬಹುದೇ? ಮಲಬದ್ಧತೆಯೂ ಇದೆ.
– ಒಬ್ಬ ತಾಯಿ, ಶಿರಸಿ

ಉತ್ತರ: ಸುಮ್ನೆ ಬಿಡಬೇಡಿ. ಕೆಲವರಿಗೆ ಮೈನೆರೆಯುವ ಹೊತ್ತಿಗೆ ಕಡಿಮೆಯಾಗುತ್ತದೆ, ಎಲ್ಲರಿಗೂ ಅಲ್ಲ. ಮಕ್ಕಳಿಗೂ ಇದೇ ಮುಲಾಮನ್ನು ಡಾಕ್ಟರ ನಿಗಾದಲ್ಲಿ ಹಚ್ಚುತ್ತೇವೆ. ಮಲದ್ವಾರದ ಹತ್ತಿರ ಸೀಳು ಬಿದ್ದು ನೋವಾಗುವುದಕ್ಕೇ ಮಗು ತಡೆದುಕೊಳ್ಳುತ್ತಿರಬಹುದು. ಬೈಯಬೇಡಿ. ಮಲ ಮೆತ್ತಗಾಗಲು ಔಷಧಿ ಕೇಳಿ, ನೀರು, ಹಣ್ಣು ಚೆನ್ನಾಗಿ ಕೊಡಿ. ಕೆಲವೊಮ್ಮೆ ಅಲ್ಲಿ ರಕ್ತದ ಕಲೆ ಕಂಡು, ಯಾರೋ ಮಗುವಿಗೆ ಏನೋ ಮಾಡಿದ್ದಾರೆ ಎಂದು ನೋಡಿದವರು ಗಾಬರಿಯಾಗುತ್ತಾರೆ. ಹಾಗಾಗಿ ಹೊಸ ಡಾಕ್ಟರ ಹತ್ತಿರ ಹೋಗುವಾಗ ರೋಗದ ಹೆಸರು ಬರೆದ ಚೀಟಿ ಕೈಯಲ್ಲಿರಲಿ.