ಗಡ್ಡೆ ಸುಡುವ ಸೂಜಿಯೊಳಗೆ ತಣ್ಣೀರು ಯಾಕೆ ಹರಿಸುತ್ತಾರೆ?

ಬಿಸಿಯಿಂದಲೇ ಗಡ್ಡೆ ಸಾಯಬೇಕು, ಮತ್ತೆ ಸೂಜಿಯನ್ನು ತಣ್ಣಗಿಡುವುದು ಯಾಕೆ ಅನ್ನಿಸುತ್ತದೆ, ಅಲ್ವಾ? ಲಿವರ್ ಗಡ್ಡೆಗೆ ಬಳಸುವ, ತುದಿಯಿಂದ ಕರೆಂಟ್ ಹರಿಸಿ ಗಡ್ಡೆಯನ್ನು ಬಿಸಿ ಮಾಡುವ ರೇಡಿಯೋ ಫ್ರೀಕ್ವೆನ್ಸಿ ಸೂಜಿಯನ್ನೇ ನೋಡಿ. ಜೀವಕೋಶ ಸಾಯಲು 60 ಡಿಗ್ರಿ ಸೆಲ್ಸಿಯಸ್ ಸಾಕು. 100 ದಾಟಿದರೆ ತೊಂದರೆ: ತುದಿಯ ಸುತ್ತಲಿನ ನೀರಿನಂಶ ಆವಿಯಾಗಿ, ಮಾಂಸ ತಳ ಹಿಡಿದ ಅನ್ನದ ಹಾಗೆ ಕರಕಲಾಗುತ್ತದೆ. ಕರಕಲಿನ ಮೂಲಕ ಕರೆಂಟ್ ಸರಿಯಾಗಿ ಹರಿಯುವುದಿಲ್ಲ. ಗಡ್ಡೆಯ ಹೊರ ಅಂಚು ಸಾಯದೆ ಉಳಿದುಬಿಡಬಹುದು, ನಿಜವಾದ ಭಯ ಅದೇ. ಅದಕ್ಕೇ ಪಂಪೊಂದು ಟೊಳ್ಳು ಸೂಜಿಯೊಳಗೆ ತಣ್ಣೀರನ್ನು ತುದಿವರೆಗೆ ಕಳಿಸಿ ವಾಪಸ್ ತರುತ್ತದೆ. ಆ ನೀರು ಮೈಯೊಳಗೆ ಸೇರುವುದಿಲ್ಲ. ತುದಿ ಕರಕಲಾಗದಿದ್ದರೆ ಶಾಖ ಜಾಸ್ತಿ ದೂರ ಹರಡುತ್ತದೆ.

ಇನ್ನು ಮೈಕ್ರೋವೇವ್ ಅಲೆಗಳಿಂದ ಗಡ್ಡೆ ಸುಡುವ ಸೂಜಿಯಲ್ಲಿ ಒಳಗಿನ ಕೇಬಲ್ಲೇ ಬಿಸಿಯಾಗುತ್ತದೆ. ತಣಿಸದಿದ್ದರೆ ಚುಚ್ಚಿದ ಕಡೆ ಚರ್ಮ ಸುಡಬಹುದು. ಕೆಲವು ಯಂತ್ರಗಳಲ್ಲಿ ನೀರಿನ ಬದಲು ಕಾರ್ಬನ್ ಡೈಆಕ್ಸೈಡ್ ಹರಿಸುತ್ತಾರೆ.